ಮೊದಲನೆಯದು ಯಾವುದು

ನಾನು ತಕ್ಕಡಿಯವನು.
ಕ್ಲಾಕ್ಸ್‌ವೀಕ್ ಬಂದರಿನ ಹರಾಜುಕಟ್ಟೆಯಲ್ಲಿ
ಮೀನು ತೂಗುತ್ತ ಇಪ್ಪತ್ತೆರಡು ಚಳಿಗಾಲ.
ಕಂಪ್ಯೂಟರಿನ ಗಂಧ ನನಗಿಲ್ಲ.
ಆ ರಾತ್ರಿ ಅಲ್ಲಿದ್ದೆ ಯಾಕೆಂದರೆ
ಬೀಗದ ಕೈ ನನ್ನ ಜೇಬಿನಲ್ಲಿತ್ತು, ಅಷ್ಟೆ.

ರನ್ವಾ ಬಂದಾಗ ಹನ್ನೊಂದು. ಒದ್ದೆ ಟೊಪ್ಪಿಗೆ, ಒಂದು ಫ್ಲಾಸ್ಕು ಕಾಫಿ.
ಹಳೆಯ ಸ್ಟೋರೇಜು ವರ್ಷದಿಂದ ಗೊರಗುಡುತ್ತಿತ್ತು,
ಅದರ ಹೊಟ್ಟೆಯಲ್ಲಿದ್ದುದನ್ನೆಲ್ಲ
ಬೆಳಗಾಗುವುದರೊಳಗೆ ಹೊಸದಕ್ಕೆ ಸಾಗಿಸಬೇಕು.
‘ನಿಮ್ಮ ಹರಾಜಿನ ಗಡಿಯಾರ ಇದೆಯಲ್ಲ,
ಅದು ಯಂತ್ರವಲ್ಲ,’ ಎಂದಳು,
‘ಯಂತ್ರದೊಳಗೆ ಕೂತು ನಾನೂ ಯಂತ್ರ ಅನ್ನುವ ಎರಡು ಫೈಲು.’
ನಾನು ತಲೆಯಾಡಿಸಿದೆ. ತಲೆಗೆ ಹೋಗಲಿಲ್ಲ.

ಎರಡೂವರೆಗೆ ನೂರಕ್ಕೆ ನೂರು.
ಆ ಕಡೆಯ ಮೊತ್ತ, ಈ ಕಡೆಯ ಮೊತ್ತ,
ತಾಳೆ ನೋಡಿದಳು, ಒಂದಕ್ಷರ ಸೋರಿಲ್ಲ.
ಚಾಲೂ ಮಾಡಿದಳು.
ಕರಿ ಪರದೆ. ಒಂದೇ ಸಾಲು.
ಬೂಟ್ ಆಗುವ ಡಿಸ್ಕ್ ಇಲ್ಲ.

‘ಇಲ್ಲ ಅಂದರೆ?’
‘ಇದೆ. ಹುಡುಕಿದ ಕಡೆ ಇಲ್ಲ.’

ಎರಡು ಡಿಸ್ಕು ಸಾಗುವಾಗ ಅದಲು ಬದಲು ನಿಂತಿದ್ದವಂತೆ,
ಹಿಂದಿನದು ಮುಂದೆ, ಮುಂದಿನದು ಹಿಂದೆ.
ಸರದಿ ತಿದ್ದಿದಳು.
ಈ ಸಲ ಅಕ್ಷರಗಳು ಹರಿದವು ಸರಸರ
ಜಾರುಹಲಗೆಯಿಂದ ಬೀಳುವ ಹೆರಿಂಗ್‌ನ ಹಾಗೆ,
ಮತ್ತೆ ಗಕ್ಕನೆ ನಿಂತವು.
ತೊಂಬತ್ತು ಸೆಕೆಂಡು ಕಾಯುತ್ತೇನೆ ಎಂದಿತು.
ಕಾಯಿತು.
ಆಮೇಲೆ ಕೈಚೆಲ್ಲಿ ಒಂದು ಗೆರೆ ಮಿನುಗಿಸುತ್ತ ಕೂತಿತು.

ಬಿರುಗಾಳಿಗೆ ಮಾಡು ಹಾರಿದ ವರ್ಷ
ತಂಗಿಯ ಮನೆಯಲ್ಲಿ ಮಲಗುತ್ತಿದ್ದೆ ನಾನು,
ನಡುರಾತ್ರಿ ಎದ್ದು ಬಚ್ಚಲಿಗೆಂದು ಹೊರಟು
ಒಂದು ತಿಂಗಳು ಬಟ್ಟೆ ಕಪಾಟಿನೊಳಗೆ ಹೋದೆ.
ಹೇಳಬೇಕೆನಿಸಿತು. ಅವಳ ಮುಖ ನೋಡಿ ಸುಮ್ಮನಾದೆ.

ಹೊರಗೆ ನಾಲ್ಕು ಗಂಟೆಗೇ ಮೂರು ದೋಣಿ.
ಗ್ರಿಮ್ಸ್‌ಬಿಯಲ್ಲಿ, ಬುಲೋನ್‌ನಲ್ಲಿ
ಕೊಳ್ಳುವವರು ಎದ್ದು ಕಾಫಿಗೆ ನೀರಿಡುವ ಹೊತ್ತು.
ಗಡಿಯಾರ ತಿರುಗದೆ ಬೆಲೆ ಇಲ್ಲ,
ಬೆಲೆ ಇಲ್ಲದೆ ಮೀನು ಕದಲುವುದಿಲ್ಲ,
ಐಸು ಮಾತ್ರ ಯಾರ ಅಪ್ಪಣೆಗೂ ಕಾಯದೆ ಕರಗುತ್ತದೆ.

ಕೊನೆಗೆ ಒಂದು ಪುಟ್ಟ ಕಡತ ತೆರೆದು ನಕ್ಕಳು, ಒಳ್ಳೆಯ ನಗೆಯಲ್ಲ.
ಯಾವ ಡಿಸ್ಕು ಎಲ್ಲಿ ಕೂರಬೇಕೆಂಬ ಪಟ್ಟಿ,
ಅದರ ತಲೆಯ ಮೇಲೆ ಹೆರ್ಗೇರ್ ಬರೆದಿಟ್ಟ ಟಿಪ್ಪಣಿ:
ಮೊದಲನೆಯದು ಯಾವಾಗಲೂ ಮೊದಲನೆಯದೇ. ಮುಟ್ಟಬೇಡಿ.
ಹೆರ್ಗೇರ್ ಈ ಕೆಲಸ ಬಿಟ್ಟು ಏಳು ವರ್ಷ,
ಈಗ ದೋಣಿಯ ಮೇಲೆ ಅಡುಗೆ.

‘ದೋಣಿಯನ್ನು ಯಾರಾದರೂ ಕಟ್ಟಿದ ಗೂಟದ ಹೆಸರಲ್ಲಿ ಕರೆಯುತ್ತಾರಾ?’
ಕೇಳಿದೆ ನಾನು, ದೊಡ್ಡದೇನೋ ಹೊಳೆದವನ ಹಾಗೆ.
‘ಇಂದು ಈ ಗೂಟ, ನಾಳೆ ಆ ಗೂಟ.
ಮೂತಿಯ ಮೇಲೆ ಬರೆದ ನಂಬರು ತಾನೇ ಹೆಸರು?’
‘ಗೊತ್ತು,’ ಎಂದಳು.

ಡಿಸ್ಕಿಗೂ ಅಂಥದೊಂದು ನಂಬರಿದೆ, ಹುಟ್ಟುವಾಗಲೇ ಬರೆದದ್ದು,
ಮೂವತ್ತೆರಡು ಅಕ್ಷರ, ನಡುನಡುವೆ ಗೀಟು.
ಆ ಕುರುಡು ಪರದೆಯಲ್ಲಿ ನಕಲು ಅಂಟಿಸಲು ಬಾರದು,
ಕೈಯಾರೆ ಒತ್ತಬೇಕು.
‘ಓದಿ,’ ಎಂದಳು. ಚೀಟಿ ಕೊಟ್ಟಳು.

ಓದುವುದು ನನಗೆ ಬರುತ್ತದೆ. ತೂಕ ಕೂಗಿ ಪಳಗಿದ ಗಂಟಲು.
ನಾಲ್ಕು, ಎಫ್, ಒಂಬತ್ತು, ಒಂಬತ್ತು, ಎ,
ಗೋದಾಮಿನ ಆಚೆ ತುದಿಗೂ ಕೇಳುವಂತೆ,
ಸೊನ್ನೆ, ಡಿ, ಏಳು…
ಚಾಲೂ ಮಾಡಿದಳು. ಮತ್ತದೇ ತೊಂಬತ್ತು ಸೆಕೆಂಡು.
ಡಿ ಅಂದದ್ದು ಅವಳಿಗೆ ಬಿ ಎಂದು ಕೇಳಿತ್ತು.
ಯಾರೂ ಯಾರನ್ನೂ ಬಯ್ಯಲಿಲ್ಲ. ಫ್ಲಾಸ್ಕು ಬರಿದಾಗಿತ್ತು.

ಆರೂ ಹದಿನಾಲ್ಕಕ್ಕೆ ಗಡಿಯಾರ ಬೆಳಗಿತು.

ಮೊದಲ ರಾಶಿ ಕೆಜಿ ನಾನೂರ ಹದಿನೇಳರದು.
ಕೆಜಿ ಎಂದರೆ ತೂಕವಲ್ಲ, ಇಲ್ಲಿನ ದೋಣಿಗಳ ಹಣೆಪಟ್ಟಿ.
ಪೆಟ್ಟಿಗೆ ಎಳೆದುಕೊಂಡು ಬಂದವನು ಹೆರ್ಗೇರ್,
ಎಣ್ಣೆ, ಈರುಳ್ಳಿ ವಾಸನೆ.
‘ಏನು ಇವತ್ತು ತಡ?’
‘ಮೊದಲನೆಯದು ಎರಡನೆಯದಾಗಿತ್ತು,’ ಎಂದಳು ರನ್ವಾ.
ಅವನು ಸ್ವಲ್ಪ ಹೊತ್ತು ಬೂಟು ನೋಡಿಕೊಂಡ.
‘ಆಗ ಇದ್ದದ್ದೇ ಒಂದು,’ ಎಂದ.

ಆ ಟಿಪ್ಪಣಿ ಅವಳು ಅಳಿಸಲಿಲ್ಲವಂತೆ.
ಕೇಳಿದ್ದಕ್ಕೆ ಭುಜ ಹಾರಿಸಿ ಟೊಪ್ಪಿಗೆ ಹುಡುಕಿದಳು.
ಅದು ತಕ್ಕಡಿಯ ಮೇಲಿತ್ತು,
ನೂರ ಹತ್ತು ಗ್ರಾಂ, ಇನ್ನೂ ಒದ್ದೆ.